ನಗಲಾಗದ ಚಾಪೆ

ವಾಸಿತಿ ಮನಸ್ಸು ಗಟ್ಟಿ ಮಾಡಿಕೊಂಡು ಪ್ರೀತಿಯ ಮಾತು ಹೇಳಿದರೆ ರುಸಿಯಾತೆ ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟ.

"ಲೈಬ್ರರಿ ಧೂಳು ತಲೆಗೇರಿದೆ ನಿಂಗೆ. ನಿಮ್ಮೂರೋರ ತಲೆ ಮೊದಲೇ ಅಷ್ಟಕ್ಕಷ್ಟೆ," ಎಂದ.

ತಪ್ಪು ಅವನದಲ್ಲ. ಇಬ್ಬರ ದ್ವೀಪಗಳಿಗೂ ಮೂಲದೈವ ಒಂದೇ. ಅಂಥ ಊರುಗಳವರು ಎದುರಾದಾಗಲೆಲ್ಲ ಒಬ್ಬರ ಕಾಲು ಒಬ್ಬರು ಎಳೆಯಬೇಕು, ಸಿಟ್ಟಾಗುವಂತಿಲ್ಲ, ಅದು ಹಿಂದಿನಿಂದ ಬಂದ ರೂಢಿ. ಸುವಾ ನಗರದ ಈ ವಿಶ್ವವಿದ್ಯಾಲಯಕ್ಕೆ ಬಂದಂದಿನಿಂದ ಅವನು ಅವಳನ್ನು ಏಡಿಗಳ್ಳಿ ಎನ್ನುತ್ತಿದ್ದ. ಅವಳು ಅವನ ಡಬ್ಬಿಯ ಮರಗೆಣಸನ್ನು ಹೇಳದೆ ಕೇಳದೆ ತಿನ್ನುತ್ತಿದ್ದಳು. ಮದುವೆಯಾಗೋಣ ಎಂದು ಅವನೂ ಆಗಾಗ ಅಂದಿದ್ದ, ಅವಳೂ ನಕ್ಕಿದ್ದಳು. ನಗುತ್ತ ನಗುತ್ತಲೇ ಅವನ ಕಣ್ಣಂಚಿನ ಗೆರೆಗಳನ್ನು ನೋಡುವ ಚಟ ಅವಳಿಗೆ ಹತ್ತಿತ್ತು.

ಈಗ ಅವಳಿಗೆ ಹಟ ಬಂತು. ಅವನು ನಗಲಾರದ ಜಾಗದಲ್ಲೇ ಹೇಳಬೇಕು.

ಅವಳು ಲೈಬ್ರರಿಯವಳು, ಅವನು ಸಾಗರ ವಿಭಾಗದವನು. ಹಳೆಯ ಮೀನುಗಾರರ ಮಾತು ತುಂಬಿದ ಕ್ಯಾಸೆಟ್‌ಗಳು ಆ ವಿಭಾಗದ ಬೀರುವಿನಲ್ಲಿ ಬೂಸ್ಟು ಹಿಡಿಯುತ್ತಿದ್ದವು. ಲೈಬ್ರರಿ ಅವನ್ನು ಕಂಪ್ಯೂಟರಿಗೆ ಇಳಿಸುವುದು, ಯಾವ ಮೀನು, ಯಾವ ಕೊಲ್ಲಿ ಎಂದು ವಿಭಾಗದವರು ಗುರುತಿಸುವುದು ಎಂದು ಮಾತಾಗಿತ್ತು. ಆದರೆ ಹಿರಿಯರ ದನಿಯನ್ನು ಇಮೇಲ್ ಕಳಿಸಿ ಕೇಳಲಾಗುತ್ತದೆಯೇ? ಚಾಪೆ ಹಾಸಿ, ಕುಟ್ಟಿ ಪಾನೀಯ ಮಾಡುವ ಯಂಗೋನದ ಬೇರಿನ ಕಟ್ಟನ್ನು ಕಾಣಿಕೆಯಾಗಿ ಮುಂದಿಟ್ಟು ಕೇಳಬೇಕು. ಬೇರನ್ನು ತೆಗೆದುಕೊಂಡರೆ ಕೇಳಿದ್ದನ್ನು ಕೊಟ್ಟಂತೆ. ಅದರ ಮುಂದೆ ತಮಾಷೆ ನಡೆಯುವುದಿಲ್ಲ.

ಲೈಬ್ರರಿಯ ಪರವಾಗಿ ತಾನೇ ಮಾತಾಡುತ್ತೇನೆಂದು ವಾಸಿತಿ ಹಟ ಹಿಡಿದು ಒಪ್ಪಿಸಿದಳು.

ಶುಕ್ರವಾರ ಎಲ್ಲರೂ ಚಾಪೆಯ ಮೇಲೆ ಕುಳಿತರು. ಎದುರಿಗೆ ಸಾಗರ ವಿಭಾಗದ ಮುಖ್ಯಸ್ಥೆ ಮಕೆರೆತಾ ಮೇಡಂ, ಪಕ್ಕದಲ್ಲಿ ವಿಭಾಗದ ಪರವಾಗಿ ಬೇರನ್ನು ಸ್ವೀಕರಿಸಬೇಕಾದ ರುಸಿಯಾತೆ. ಅವನು ಮೆಲ್ಲಗೆ ಕಣ್ಣು ಹೊಡೆದ. ಅವಳು ನೋಡದವಳಂತೆ ಬೇರಿನ ಕಟ್ಟನ್ನು ಮುಂದಿಟ್ಟಳು.

"ನಿಮ್ಮ ಹಿರಿಯರ ದನಿ ನಮಗೆ ಕೊಡಿ. ಜೋಪಾನ ಮಾಡ್ತೀವಿ. ಕೇಳಿಸಿಕೊಂಡು ಅರ್ಥ ಹೇಳೋಕೆ ನೀವೂ ಜೊತೆಗೆ ಕೂತ್ಕೊಳ್ಳಿ."

ಮಕೆರೆತಾ ತಲೆಯಾಡಿಸಿದರು.

"ಇನ್ನೊಂದು ಕೇಳೋದಿದೆ." ವಾಸಿತಿ ತಲೆ ತಗ್ಗಿಸಲಿಲ್ಲ. "ರುಸಿಯಾತೆನ್ನೂ ಕೊಡಿ ಅಂತ ಕೇಳ್ತಿದ್ದೀನಿ. ಲೈಬ್ರರಿಗಲ್ಲ, ನನಗೆ."

ರುಸಿಯಾತೆಯ ಮುಖದಲ್ಲಿ ನಗು ಇನ್ನೇನು ಬರುವುದರಲ್ಲಿತ್ತು. ಬೇರಿನ ಕಟ್ಟಿನ ಮೇಲೆ ಕಣ್ಣು ಬಿದ್ದದ್ದೇ ಅದು ಅಲ್ಲೇ ನಿಂತಿತು.

"ಅವನು ನಮ್ಮ ವಿಭಾಗದ ಸಾಮಾನಲ್ಲಮ್ಮ," ಎಂದರು ಮಕೆರೆತಾ. "ಅದಕ್ಕೆ ಅವನೇ ಉತ್ತರ ಕೊಡ್ಲಿ."

ಅವನು ವಾಸಿತಿಯನ್ನು ದಿಟ್ಟಿಸಿದ. ಇಷ್ಟು ವರ್ಷದಲ್ಲಿ ಇಷ್ಟು ಹೊತ್ತು ನಗದೆ ನೋಡಿದವನೇ ಅಲ್ಲ.

"ಅವತ್ತು ನಿಜವಾಗ್ಲೂ ಹೇಳಿದ್ದಾ?"

"ಹೂಂ."

"ಮದುವೆ ಮಾತು ನಾನು ಪ್ರತಿ ಸಲಾನೂ ನಿಜಾನೇ ಹೇಳ್ತಿದ್ದೆ ಕಣೇ. ನೀನು ನಗ್ತಿದ್ದೆ, ಅದಕ್ಕೆ ನಾನೂ ನಗ್ತಿದ್ದೆ."

ವಾಸಿತಿಯ ಕಣ್ಣು ತುಂಬಿ ಬಂತು. ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತ. ಎರಡೂ ಕೈಯಿಂದ ಬೇರಿನ ಕಟ್ಟನ್ನು ತನ್ನತ್ತ ಎಳೆದುಕೊಂಡ. ವಿಭಾಗದ ಪರವಾಗಿ ಆಡಬೇಕಾದ ಮಾತಿನಲ್ಲಿ ಅವನು ಎಂದೂ ತಡವರಿಸಿದವನಲ್ಲ, ಈಗ ತಡವರಿಸಿದ.

"ಕೇಳಿದ್ದು ಎರಡು. ಎರಡನ್ನೂ ಕೊಟ್ಟಿದ್ದೇವೆ."