ಜೀಪಿನಲ್ಲಿ ಅವಳ ಜಾಗ

ಅಜ್ಜಿಯ ಕಥೆಯೊಳಗಿನ ರಾಜಕುಮಾರ ಬರುವಾಗ ಮೊದಲು ಗೊರಸಿನ ಸದ್ದು ಕೇಳುತ್ತದೆ, ಆಮೇಲೆ ಪೇಟದ ತುರಾಯಿ ಹೊಳೆಯುತ್ತದೆ. ನೀಲಗಂಗಾಳಿಗೆ ಮೊದಲು ಕಂಡದ್ದು ಎರಡು ಪಾದಗಳು. ಅವು ಜೀಪಿನ ಹೊಟ್ಟೆಯ ಕೆಳಗಿನಿಂದ ಹೊರಚಾಚಿದ್ದವು. ಅವಳ ಊರಾದ ಮೈಂದರ್ಗಿಯ ಎರೆಮಣ್ಣು ಅವಕ್ಕೆ ಕಣಕಾಲಿನವರೆಗೆ ಮೆತ್ತಿತ್ತು.

ಡ್ರೈವರ್ ಪೀರಪ್ಪನೇ ಇರಬೇಕೆಂದು ಅವಳು ಚಹಾದ ಕಪ್ಪನ್ನು ಬೇವಿನ ಕಟ್ಟೆಯ ಮೇಲಿಟ್ಟಳು.

"ಪೀರಪ್ಪಾ, ಎಷ್ಟ ಹೊತ್ತ ಅದರ ಬುಡಕ ಮಲಗತಿ? ಆ ಸೊಲ್ಲಾಪುರದ ಪಾವುಣ್ಯಾ ಸ್ಪ್ರಿಂಗ್ ಹಾಕಿ ಕೊಟ್ಟಾನ ನೋಡು, ಗಾಡಿ ಒಂಟಿ ಆದಂಗ ಎತ್ತರ ಆಗೇದ, ನಡಿಗಿ ಮಾತ್ರ ಕುಡದವರದು! ಎಡಕ್ಕ ಎಡಕ್ಕ ಎಳೀತದ. ಹಾಕಿದಾಂವನ ಕುತಗಿನೂ ಹಂಗ ಸೊಟ್ಟ, ವಾರಿ ಇರಬೇಕು."

ಜೀಪಿನ ಕೆಳಗೆ ನಟ್ಟು ತಿರುವುವ ಪಾನಾದ ಸದ್ದು ನಿಂತಿತು.

"ಕುತಗಿ ಬರೋಬರ ಅದರಿ. ಬೇಕಂದ್ರ ನೋಡ್ರಿ."

ಜಾರಿಕೊಂಡು ಹೊರಗೆ ಬಂದ ಮುಖ ಪೀರಪ್ಪನದಲ್ಲ. ಕೆನ್ನೆಗೆ ಗ್ರೀಸು, ಕೂದಲಿಗೆ ಧೂಳು, ಕಣ್ಣಿನಲ್ಲಿ ತಡೆದು ನಿಲ್ಲಿಸಿದ ನಗು. "ನಾ ಶಿವಶರಣಪ್ಪ," ಎಂದ. "ವಾರಿ ಕುತಗಿ ಪಾವುಣ್ಯಾ."

ನೀಲಗಂಗಾಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ಆದರೂ ಕಣ್ಣು ಒಮ್ಮೆ ಅವನ ಕುತ್ತಿಗೆಯ ಮೇಲೆ ಹಾದು ಬಂತು. ನೆಟ್ಟಗೇ ಇತ್ತು.

ಶಿವಶರಣಪ್ಪನ ಮನೆತನದ್ದು ಸೊಲ್ಲಾಪುರದಲ್ಲಿ ಮೋಟಾರು ಸಾಮಾನಿನ ಅಂಗಡಿ. ಹಿರಿಯರು ಇಬ್ಬರ ಮದುವೆಯ ಸೋಯರಿಕೆ ಮಾತಾಡಿ ಮುಗಿಸಿದ್ದರು, ಹುಡುಗಿ ನೋಡುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಅವಳ ಅಪ್ಪ ಸಾತಲಿಂಗಪ್ಪ, ಮಿಲಿಟರಿ ಹರಾಜಿನಿಂದ ತಂದ ಜೀಪಿಗೆ ಅದೇ ಅಂಗಡಿಯಲ್ಲಿ ದಪ್ಪನೆಯ ಪಾಟಾ ಸ್ಪ್ರಿಂಗು ಹಾಕಿಸಿದ್ದರು. ಮಳೆಗಾಲದ ಕೆಸರಿನಲ್ಲಿ ಜೀಪಿನ ಹೊಟ್ಟೆ ನೆಲ ಕಚ್ಚಬಾರದು ಎಂಬ ಆಸೆ. ಹೊಟ್ಟೆಯೇನೋ ಮೇಲೆದ್ದಿತು, ಗಾಲಿಗಳು ಮಾತು ಕೇಳದಾದವು.

ಮೊನ್ನೆ ಅಕ್ಕಲಕೋಟದ ದಾರಿಯಲ್ಲಿ ಜೀಪು ಎಡಕ್ಕೆ ಎಳೆದು ಯಾರದೋ ಜೋಳದ ಹೊಲಕ್ಕೆ ನುಗ್ಗಿತ್ತು. "ಅಕ್ಕಲಕೋಟದ ದೇವರು ಕರಿಯಾಕತ್ತಾನ," ಎಂದಿದ್ದರು ಅಜ್ಜಿ ಗುರುಲಿಂಗಮ್ಮ. ಮರಳಿ ಬರುವಾಗಲೂ ಎಡಕ್ಕೇ ಎಳೆದಾಗ ಅವರೂ ಬಾಯಿ ಮುಚ್ಚಿಕೊಂಡರು. ಆದರೆ ಸಾತಲಿಂಗಪ್ಪನವರ ಬಾಯಿ ತೆರೆಯಿತು. ಸೊಲ್ಲಾಪುರಕ್ಕೆ ಮಾತು ಹೋಯಿತು: ನಾಲ್ಕು ಗಾಲಿ ಸರಳ ಓಡಿಸಲಾರದವನು ಸಂಸಾರ ಏನು ಓಡಿಸುತ್ತಾನೆ? ಜೀಪು ನೆಟ್ಟಗಾಗದಿದ್ದರೆ ಸ್ಪ್ರಿಂಗೂ ವಾಪಸು, ಸೋಯರಿಕೆಯೂ ವಾಪಸು.

ಅದಕ್ಕೇ ಇವನು ಪಾನೆಗಳ ಚೀಲ ಹೆಗಲಿಗೆ ಹಾಕಿಕೊಂಡು ಮೊದಲ ಬಸ್ಸಿಗೆ ಬಂದಿದ್ದ.

ಸಾತಲಿಂಗಪ್ಪ ಮೀಸೆ ತಿರುವುತ್ತ, ನೆಂಟನಾಗಲಿದ್ದವನನ್ನು ಮಾತಾಡಿಸುತ್ತ ಹೊರಗೆ ಬಂದರು. "ಕಾಯ್ ಪಾವುಣಾ, ತಪ್ಪ ಯಾರದು?"

"ನಂದ್ರಿ." ಹುಡುಗ ತಡವರಿಸಲಿಲ್ಲ. "ಗಾಡ್ಯಾಗ ಎಷ್ಟ ಮಂದಿ ಕೂಡತೀರಿ ಅಂತ ಕೇಳಿದ್ದೆ. ನೀವು 'ಇಬ್ಬರು' ಅಂದ್ರಿ. ನಾ ನಂಬಿದೆ. ಇಬ್ಬರ ಭಾರ ಏನ ಮಹಾ ಅಂತ ಖಾಲಿ ಗಾಡಿ ನಿಲ್ಲಿಸಿ ಗಾಲಿ ಅಲೈನ್‌ಮೆಂಟ್ ಮಾಡಿದೆ."

"ಖರೇನೇ ಹೇಳೀನಿ. ನಾನು, ಪೀರಪ್ಪ."

"ಮತ್ತ ಆಯಿ? ವೈನಿ? ಕಾಕಿ? ಜ್ವಾಳದ ಚೀಲ?" ಎಂದ ಪೀರಪ್ಪ, ಆಗಷ್ಟೇ ಬಂದು ಕಟ್ಟೆಯ ಮೇಲೆ ಕುಳಿತವನು.

"ಏ, ಅದ ಮನಿ ಮಂದಿ! ಮನಿ ಹೆಣಮಕ್ಕಳನ್ನ, ಚೀಲಾನ ಯಾರರೆ ಎಣಸ್ತಾರೇನು?"

"ಗಾಲಿ ಎಣಸ್ತಾವ್ರಿ," ಎಂದ ಶಿವಶರಣಪ್ಪ ಮೆಲ್ಲಗೆ. "ನಾನೂ ಎಣಸಬೇಕಿತ್ತು. ಮಂದಿ ಕೂತ್ರ ಗಾಡಿ ಕೆಳಗ ಇಳೀತದ, ಸ್ಟೇರಿಂಗ್ ರಾಡು ವಾರಿ ಆಗ್ತದ. ಎಲ್ಲಾರೂ ಕೂಡ್ರಿ. ತುಂಬಿದ ಗಾಡಿನ ಸರಿ ಮಾಡ್ತೀನಿ."

ನೀಲಗಂಗಾ ಅವನನ್ನು ಮತ್ತೊಮ್ಮೆ ನೋಡಿದಳು. ಹೆಂಗಸರ ಭಾರವನ್ನೂ ಲೆಕ್ಕಕ್ಕೆ ಹಿಡಿಯುವ ಗಂಡಸು ಅಜ್ಜಿಯ ಯಾವ ಕಥೆಯಲ್ಲೂ ಬಂದಿರಲಿಲ್ಲ.

ಬೇವಿನ ನೆರಳಲ್ಲಿ ನಿಂತ ಜೀಪಿಗೆ ಇಡೀ ಮನೆ ಏರಿತು. ಗುರುಲಿಂಗಮ್ಮ ಎಲೆ ಅಡಿಕೆಯ ಚೀಲದೊಂದಿಗೆ, ಅವ್ವ ಕಸ್ತೂರಬಾಯಿ ಹಿಟ್ಟಿನ ಕೈಯಲ್ಲೇ, ಚಿಕ್ಕಮ್ಮ ಇಂದುಬಾಯಿ ಹೊಸ ಸೀರೆ ಉಟ್ಟುಕೊಂಡು. ಮುಂದೆ ಸಾತಲಿಂಗಪ್ಪ ಮತ್ತು ಪೀರಪ್ಪ. ಹಿಂದಿನ ಮೂಲೆಯೊಂದು ಖಾಲಿ ಉಳಿಯಿತು.

"ಅಲ್ಲಿ ಯಾರು?" ಎಂದ ಶಿವಶರಣಪ್ಪ.

"ನಾನು," ಎಂದಳು ನೀಲಗಂಗಾ.

"ಗಾಲಿ ಅಳಿಯಾಕ ನೀವು ನೂಲ ಹಿಡೀಬೇಕಲ್ರಿ. ಬ್ಯಾರೆ ಯಾರೂ ಉಳದಿಲ್ಲ. ಪೀರಪ್ಪಾ, ಇವರ ಭಾರಕ್ಕ ಅಲ್ಲೊಂದು ಚೀಲ ಇಡು."

ಪೀರಪ್ಪ ಇಳಿದು ಹೋಗಿ ತುಂಬಿದ ಜೋಳದ ಚೀಲವನ್ನೇ ಹೊತ್ತು ತಂದ.

"ಪೂರಾ ಚೀಲ? ನಾ ಏನ ಎಮ್ಮಿ ಇದ್ದೀನೇನು?" ನೀಲಗಂಗಾ ಸಿಡಿದಳು. ಅವನು ಅರ್ಧ ಸುರಿದ. "ಇನ್ನೂ ತೆಗಿ."

ಶಿವಶರಣಪ್ಪ ಅವಳನ್ನು ಒಂದು ಕ್ಷಣ ನೋಡಿ, ನೋಡಬಾರದ್ದನ್ನು ನೋಡಿದವನಂತೆ ಕಣ್ಣು ಇಳಿಸಿದ. "ಇರಲಿ ಪೀರಪ್ಪಾ. ಇದ್ದ ಭಾರ ಮುಚ್ಚಿಟ್ರ ಗಾಲಿ ಚಾಡಿ ಹೇಳ್ತಾವ."

ಜೀಪಿನೊಳಗೆ ಅಜ್ಜಿ ನಕ್ಕ ನಗೆಗೆ ಸ್ಪ್ರಿಂಗು ಕುಣಿಯಿತು. "ಅಲ್ಲಾಡಬ್ಯಾಡ್ರಿ ಆಯಿ!" ಎಂದ ಶಿವಶರಣಪ್ಪ.

ಅವನ ಜೇಬಿನಿಂದ ಸೊಲ್ಲಾಪುರದ ಚಾದರ ಮಗ್ಗದ ಬಿಳಿ ನೂಲು ಹೊರಬಂತು. ಟೈರುಗಳಿಗೆ ಸೀಮೆಸುಣ್ಣದ ಗೆರೆ ಎಳೆದು, ಒಂದು ತುದಿ ಅವಳಿಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು ಆಚೆ ಗಾಲಿಯ ಬಳಿ ಕುಳಿತ. ಮೊದಲು ಗಾಲಿಗಳ ಮುಂದಿನ ಅಂಚುಗಳ ನಡುವಿನ ಅಳತೆ, ಆಮೇಲೆ ಹಿಂದಿನದು. ಅವನ ಬೆರಳು ತುಸು ಎಳೆದರೂ ಇಲ್ಲಿ ಅವಳ ಬೆರಳಿಗೆ ತಿಳಿಯುತ್ತಿತ್ತು. ಬಂಪರಿನ ಕೆಳಗೆ ಕಣ್ಣಿಗೆ ಕಣ್ಣು ಸಿಕ್ಕಿತು.

"ಮುಂದ ಅಳತಿ ಕಡಿಮಿ ಬಂತಲ್ರಿ," ಎಂದಳು, ಏನಾದರೂ ಮಾತಾಡಬೇಕೆಂದು. "ಎರಡೂ ಗಾಲಿ ನೆಟ್ಟಗ ನಿಂತಿರಬೇಕಲ್ಲ?"

"ಉಂಹೂಂ. ನಿಂತಾಗ ಒಂದರ ಕಡೆ ಒಂದು ತುಸು ಹೊಳ್ಳಿರಬೇಕು. ಕಣ್ಣಿಗಿ ಕಾಣದಷ್ಟ." ಅವನು ರಾಡಿನ ನಟ್ಟು ತಿರುವುತ್ತಿದ್ದ. "ಓಡಾಕ ಹತ್ತಿದ್ರ ದಾರಿ ಅವನ್ನ ಅಗಲಸ್ತದ. ಮೊದಲ ತುಸು ಒಲದ ನಿಂತಿದ್ರ, ಆವಾಗ ಬರೋಬರ ಜೋಡಿ ಓಡ್ತಾವ."

ಅವಳ ಕಿವಿ ಕೆಂಪಾಯಿತು. ಗಾಲಿಯ ಮಾತೇ ಅದು. ಗಾಲಿಯ ಮಾತನ್ನು ಇಷ್ಟು ಚಂದ ಯಾರು ಆಡುತ್ತಾರೆ?

ಕೊನೆಯ ನಟ್ಟಿನ ಮೇಲೆ ಪಾನಾ ಇಟ್ಟವನು ತಿರುವಲಿಲ್ಲ. ದನಿ ಇಳಿಯಿತು.

"ಒಂದು ಕೇಳೂದು ಉಳದದ. ಮುಂದೂ ಆ ಮೂಲ್ಯಾಗ ನೀವ ಕೂಡವರಿದ್ರ, ಹಿಂಗ ಬಿಗದ ಬಿಡ್ತೀನಿ. ಇಲ್ಲಂದ್ರ… ಆ ಚೀಲ ಇಳಿಸಿ ಇನ್ನೊಮ್ಮೆ ನೋಡಬೇಕಾಗ್ತದ."

ಜೀಪಿನೊಳಗೆ ಅಡಕತ್ತರಿಯ ಸದ್ದು ನಿಂತಿತು. ಈ ಅಂಗಳ, ಈ ಬೇವು, ಆ ಮೂಲೆಯಲ್ಲಿ ಕುಳಿತು ಸೆರಗು ಹಾರಿಸುತ್ತ ಹೋದ ಅಕ್ಕಲಕೋಟದ ದಾರಿ ಎಲ್ಲವೂ ನೀಲಗಂಗಾಳ ಕಣ್ಣಮುಂದೆ ಒಮ್ಮೆ ಬಂದುಹೋಯಿತು. ನೂಲನ್ನು ಬೆರಳಿಗೆ ಗಟ್ಟಿಯಾಗಿ ಸುತ್ತಿಕೊಂಡಳು.

"ಪೀರಪ್ಪಾ, ಚೀಲ ಇಳಸು."

"ಯಾಕ? ಚೀಲ ಯಾಕ ಇಳಸೂದು?" ಸಾತಲಿಂಗಪ್ಪ ತಿರುಗಿದರು.

"ಸುಮ್ಮ ಕೂಡೋ ಸಾತಲಿಂಗಾ," ಎಂದರು ಗುರುಲಿಂಗಮ್ಮ. "ನಿನಗ ಎಣಸಾಕ ಮೊದಲಿಂದ ಬರೂದಿಲ್ಲ."

ಚೀಲ ಇಳಿಯಿತು. ನೂಲು ಮತ್ತೆ ಬಿಗಿಯಿತು, ನಟ್ಟು ಒಂದು ಕೂದಲೆಳೆಯಷ್ಟು ತಿರುಗಿ ಕುಳಿತುಕೊಂಡಿತು. ಈ ಸಲ ಸಾತಲಿಂಗಪ್ಪನವರೇ ಸ್ಟೇರಿಂಗ್ ಹಿಡಿದರು. ಮನೆ ಮಂದಿಯನ್ನು ಹೊತ್ತ ಜೀಪು ಗುಡುಗುತ್ತ ಹೊರಟಿತು. ಅಂಗಳದಲ್ಲಿ ಉಳಿದವರು ಇಬ್ಬರೇ.

ಶಿವಶರಣಪ್ಪ ದಾರಿ ನೋಡುತ್ತ ನಿಂತ. ನೀಲಗಂಗಾ ಆರಿದ ಚಹಾ ಎತ್ತಿ ಕೊಟ್ಟಳು.

ದೂರದಲ್ಲಿ, ಎರಡು ಕಡೆ ಜೋಳ ನಿಂತ ನೇರ ದಾರಿಯಲ್ಲಿ, ಹುಡ್ ಇಲ್ಲದ ಜೀಪಿನೊಳಗಿಂದ ಅಪ್ಪನ ಎರಡೂ ಕೈ ಮೇಲೆದ್ದವು. ಸ್ಟೇರಿಂಗ್ ಯಾರ ಕೈಯಲ್ಲೂ ಇರಲಿಲ್ಲ. ಜೀಪು ಎಡಕ್ಕೂ ವಾಲದೆ, ಬಲಕ್ಕೂ ವಾಲದೆ, ಬೈತಲೆ ತೆಗೆದಂತೆ ಸಾಗಿತು.

ಅವನು ಉಸಿರು ಬಿಟ್ಟ. ಅವಳೂ ಬಿಟ್ಟಳು. ಇಬ್ಬರೂ ಒಟ್ಟಿಗೆ ನಕ್ಕರು.

"ಸೊಲ್ಲಾಪುರದಾಗ ನಿಮ್ಮ ಕಡೆ ಜೀಪ ಅದ ಏನ್ರಿ?"

"ಇಲ್ಲರಿ. ಸ್ಕೂಟರ್ ಅದ." ಅವನು ಕಪ್ಪಿನೊಳಗೆ ನೋಡುತ್ತ ಹೇಳಿದ, "ಹಿಂದ ಕೂತವರು ಗಟ್ಟಿ ಹಿಡಕೋಬೇಕಾಗ್ತದ."

ನೀಲಗಂಗಾ ಗ್ರೀಸು ಹತ್ತಿದ ಅವನ ಹೆಗಲನ್ನು, ಈ ಸಲ ಕಣ್ಣು ತಪ್ಪಿಸದೆ, ನೋಡಿದಳು.

"ಹಿಡಕೋತೀನಿ," ಎಂದಳು.