ಕೇಳದೆ ಎತ್ತಿದ ಕೈ

ಲಾರಿಯಿಂದ ಕಬ್ಬಿಣದ ಕಂಬಗಳು ಧಡಾರೆಂದು ನೆಲಕ್ಕೆ ಬಿದ್ದಾಗ ಬುರುಲ್ ಮೊಣಕಾಲುದ್ದದ ಬಿಸಿನೀರಿನಲ್ಲಿ ನಿಂತು ಕೊಳದ ಗೋಡೆಯ ಪಾಚಿ ಉಜ್ಜುತ್ತಿದ್ದಳು.

ಕೈನಾರ್ ಊರಿನ ಬಿಸಿನೀರ ಬುಗ್ಗೆ ಅದು. ಕೆಂಪು ಗುಡ್ಡದ ಬುಡದಲ್ಲಿ ಹುಟ್ಟಿ, ಹಳೆಯ ಸ್ನಾನದ ಮನೆಯ ಕೊಳ ತುಂಬಿ, ಉಳಿದದ್ದು ಹೊಗೆಯಾಡುತ್ತ ಇಸ್ಸಿಕ್ ಕುಲ್ ಸರೋವರಕ್ಕೆ ಇಳಿಯುತ್ತಿತ್ತು. ಹಿಂದೆ ಬುರುಲಳ ತಾಯಿ ಅದನ್ನು ನೋಡಿಕೊಳ್ಳುತ್ತಿದ್ದಳು, ಈಗ ಬುರುಲ್. ಊರ ಹೆಂಗಸರ ಮಂಡಿ, ಸೊಂಟ, ಮನಸ್ಸು, ಮೂರರ ನೋವಿಗೂ ಅದೇ ಮದ್ದು.

ಅವಳು ಬ್ರಷ್ ಹಿಡಿದುಕೊಂಡೇ ಹೊರಗೆ ಬಂದಳು. ಇಬ್ಬರು ಕೆಲಸಗಾರರು ಬಾಗಿಲ ಪಕ್ಕ ದೊಡ್ಡ ಫಲಕವೊಂದನ್ನು ನಿಲ್ಲಿಸುತ್ತಿದ್ದರು. ಮೇಲೆ ನೀಲಿ ಈಜುಕೊಳ, ಬಿಳಿ ಹೋಟೆಲು, ನಗುವ ಹೆಂಗಸು. 'ಸರ್ಕಾರ ಮತ್ತು ಖಾಸಗಿ ಸಹಭಾಗಿತ್ವದ ಪ್ರವಾಸಿ ತಾಣ. ಗ್ರಾಮಸ್ಥರ ಒಪ್ಪಿಗೆಯೊಂದಿಗೆ.' ಕೆಳಗೆ ಒಂದು ಫೋಟೋ. ಬೇಸಿಗೆಯ ಹುಲ್ಲುಗಾವಲಿನ ಡೇರೆಯೊಳಗೆ ಊರ ಹಿರಿಯರೆಲ್ಲ ಎರಡೂ ಕೈ ಎತ್ತಿ ಕುಳಿತಿದ್ದಾರೆ. ನಡುವೆ ಅವಳ ಅಜ್ಜ, ಜುಮಾಬಾಯ್.

ಬುರುಲಳಿಗೆ ಕೋಪ ಬಂದರೆ ಮೊದಲು ಕಿವಿ ಕೆಂಪಾಗುತ್ತದೆ. ಓಲೆ ಇಲ್ಲದ ಬರಿಯ ಕಿವಿ, ಹಾಗಾಗಿ ದೂರಕ್ಕೇ ಕಾಣುತ್ತದೆ.

"ಯಾರು ಇದನ್ನ ನಿಲ್ಲಿಸಿದ್ದು?"

ಲಾರಿಯ ಮುಂದಿನ ಬಾಗಿಲು ತೆರೆದು ಇಳಿದವನು ಮಿರ್ಲಾನ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನಲ್ಲಿ ಕಂಪನಿಯ ಬ್ಯಾಡ್ಜು. ಒಂದೇ ಬೆಂಚಿನಲ್ಲಿ ಕುಳಿತು ಓದಿದವನು, ಏಪ್ರಿಕಾಟ್ ಮರದ ಮೇಲಿಂದ ಹಣ್ಣು ಎಸೆದು 'ಹಿಡಿ ನೋಡೋಣ' ಅನ್ನುತ್ತಿದ್ದವನು. ರಾಜಧಾನಿಗೆ ಹೋಗುವ ದಿನ ಬಸ್ಸಿನ ಕಿಟಕಿಯಿಂದ ಅವಳನ್ನೇ ನೋಡುತ್ತ, ಬಾಯಿ ಮಾತ್ರ ಬಿಡದೆ ಹೋದವನು. ಈ ಬೇಸಿಗೆಯಲ್ಲಿ ಕಂಪನಿಯ ಸಮನ್ವಯಾಧಿಕಾರಿಯಾಗಿ ಮರಳಿದ್ದ. ಬಂದಾಗಿನಿಂದ ಸೋಪು ಬೇಕು, ನೀರು ಬೇಕು, ದಾರಿ ಯಾವುದು ಎಂದು ನೆವ ಹುಡುಕಿ ಸ್ನಾನದ ಮನೆಯ ಸುತ್ತ ಸುಳಿಯುತ್ತಿದ್ದ. ಹುಟ್ಟಿದೂರಿನಲ್ಲಿ ದಾರಿ ಕೇಳುವ ಗಂಡಸು! ಅವಳು ಒಳಗೊಳಗೇ ನಕ್ಕಿದ್ದಳು ಕೂಡ.

ಈಗ ನಗಲಿಲ್ಲ. ಒದ್ದೆ ಬ್ರಷ್ ಬೀಸಿ ಎಸೆದಳು. ಅದು ಬಿಳಿ ಅಂಗಿಯ ನಟ್ಟನಡುವೆ ಬಿದ್ದು ಹಸಿರು ಪಾಚಿಯ ಮುದ್ರೆ ಒತ್ತಿತು.

"ಬುರುಲ್, ತಾಳು. ಈ ಫಲಕದ ವಿಷಯ ನಂಗೂ ಗೊತ್ತಿರಲಿಲ್ಲ."

"ಫೋಟೋ ತೆಗೆದವರು ಯಾರು?"

ಮಿರ್ಲಾನ್ ಫಲಕ ನೋಡಿದ. ಮುಖದ ರಕ್ತ ಇಳಿಯಿತು.

"ನಾನೇ."

"ಕಂಪನಿಗೆ ಕಳ್ಸಿದ್ದು?"

"ನಾನೇ. ಖುಷಿಗೆ ಕಳ್ಸಿದ್ದೆ, ನಮ್ಮ ಹಿರಿಯರು ಬಾತಾ ಕೊಟ್ರು ಅಂತ. ಆದ್ರೆ ಆ ಬಾತಾ ಇದಕ್ಕಲ್ಲ ಕಣೇ. ಅದು ಬೇರೆ."

ಬಾತಾ ಎಂದರೆ ಹಿರಿಯರ ಹರಕೆ, ಆಶೀರ್ವಾದ. ಊಟ ಮುಗಿದರೆ ಬಾತಾ, ದಾರಿ ಹೊರಟರೆ ಬಾತಾ, ಕರು ಹುಟ್ಟಿದರೂ ಬಾತಾ. ಅಂಗೈ ಎರಡೂ ಬಿಚ್ಚಿ ಮೇಲೆತ್ತಿ, ಮಾತು ಮುಗಿದ ಮೇಲೆ ಮುಖ ಸವರಿಕೊಳ್ಳುತ್ತಾರೆ. ಆ ಊರಿನ ಕೂಸಿಗೂ ಗೊತ್ತು. ಪಟ್ಟಣದ ಕಂಪನಿಯ ಮ್ಯಾನೇಜರನಿಗೆ ಮಾತ್ರ ಅದು ವೋಟಿನ ಹಾಗೆ ಕಂಡಿತ್ತು. ಅಥವಾ ಹಾಗೆ ಕಂಡರೇ ಅವನಿಗೆ ಅನುಕೂಲವಾಗಿತ್ತು.

"ಬೇರೆ ಅಂದ್ರೆ? ಯಾವುದಕ್ಕೆ?"

ಮಿರ್ಲಾನ್ ಬಾಯಿ ತೆರೆದ. ಅವಳ ಕೆಂಪು ಕಿವಿಯನ್ನೊಮ್ಮೆ ನೋಡಿದ. ಬಾಯಿ ಮುಚ್ಚಿದ.

"ಅವತ್ತು ಬಸ್ಸಲ್ಲೂ ಹೀಗೇ ಬಾಯಿ ತೆರೆದು ಮುಚ್ಚಿದ್ದೆ," ಎಂದಳು ಬುರುಲ್. "ಮೀನು ಕೂಡ ನಿನಗಿಂತ ಜಾಸ್ತಿ ಮಾತಾಡುತ್ತೆ. ಹೋಗು, ಬೇಲಿ ಹಾಕು. ನಮ್ಮ ನೀರಿಗೆ ನಮಗೇ ಟಿಕೆಟ್ ಕೊಡು."

*

ಮನೆಯಲ್ಲಿ ಅಜ್ಜ ಬಟ್ಟಲು ಚಹಾ ಹಿಡಿದು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೋಕನ್ನು ಏಪ್ರಿಕಾಟ್ ಜಾಮಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದ. ಅವಳು ನಿಂತೇ ಕೇಳಿದಳು.

"ಅಜ್ಜಾ, ಆವತ್ತು ಹುಲ್ಲುಗಾವಲಲ್ಲಿ ಮಿರ್ಲಾನ್ ಅಮ್ಮ ಕುರಿ ಕೊಯ್ದಿದ್ಳಲ್ಲ, ನೀವೆಲ್ಲ ತಿಂದು ಬಾತಾ ಕೊಟ್ರಾ?"

"ಕೊಟ್ವಿ."

"ಯಾವುದಕ್ಕೆ?"

ಮುದುಕ ಬೋರ್ಸೋಕನ್ನು ಜಾಮಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅದ್ದಿದ. "ಅದನ್ನ ನಾನು ಹೇಳೋ ಹಾಗಿಲ್ಲ ಮಗಳೇ. ಮಾತು ಕೊಟ್ಟಿದೀನಿ."

"ಬೇಲಿ ಹಾಕ್ತಿದಾರೆ ಅಜ್ಜಾ! ಊರೋರಿಗೆ ವಾರಕ್ಕೊಂದು ದಿನವಂತೆ. ಅದೂ ಪ್ರವಾಸಿಗರು ಇಲ್ಲದಿದ್ರೆ. ಫಲಕದಲ್ಲಿ ನಿಮ್ಮ ಕೈ ತೋರಿಸಿ ಕಿತ್ಕೊಳ್ತಿದಾರೆ. ಹೋಗಿ ಆ ಬಾತಾ ಹಿಂದಕ್ಕೆ ತಗೊಂಡ್ವಿ ಅಂತ ಹೇಳಿ."

ಅಜ್ಜನ ಕೈಯ ಬಟ್ಟಲು ಸದ್ದು ಮಾಡಿ ಕೆಳಗಿಳಿಯಿತು. ಅವನಿಗೂ ಕೋಪ ಬಂದಿತ್ತು. ಆ ಮನೆತನದ ಕೋಪ ಕಿವಿಯಲ್ಲೇ ಕಾಣುವುದು.

"ಕೊಟ್ಟ ಬಾತಾ ಹಿಂದಕ್ಕೆ ತಗೊಳ್ಳೋದು ಉಗುಳಿದ್ದನ್ನ ನೆಕ್ಕಿದ ಹಾಗೆ. ನಮ್ಮ ಕೈನ ಫಲಕಕ್ಕೆ ಅಂಟಿಸಿದೋನಿಗೆ ಒಳ್ಳೇದಾಗಲ್ಲ. ಆದ್ರೆ ಆ ಹರಕೆ ನಾನು ಮುರಿಯಲ್ಲ. ಮುರಿದ್ರೆ ಅದು ಯಾರ ತಲೆ ಮೇಲೆ ಬೀಳುತ್ತೆ ನಿಂಗೊತ್ತಾ?"

"ಯಾರ ತಲೆ ಮೇಲೆ?"

ಅಜ್ಜ ಮೊಮ್ಮಗಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟು ಇಳಿದು ಇನ್ನೇನೋ ತುಂಬಿತು. ಅವಳಿಗೆ ಅರ್ಥವಾಗಲಿಲ್ಲ. ಅವಳು ಬಾಗಿಲು ಬಡಿದು ಹೊರಗೆ ಹೋದಳು.

ಕೋಪ ಒಂಟಿಯಾಗಿದ್ದರೆ ಆರಿಹೋಗುತ್ತದೆ. ಬುರುಲ್ ಅದನ್ನು ಮನೆ ಮನೆಗೆ ಒಯ್ದಳು. ಕೊಳಕ್ಕೆ ಬರುವ ಹೆಂಗಸರನ್ನೆಲ್ಲ ಸೇರಿಸಿದಳು. ಅವರು ಜಿಲ್ಲಾ ಕಚೇರಿಯ ಮುಂದೆ ಹೋಗಿ ಕೂತರು. ಎಂಬತ್ತು ದಾಟಿದ ಉಮ್‌ಸುನ್ ಅಜ್ಜಿ ಅಧಿಕಾರಿಣಿಯ ಮೇಜಿನ ಮುಂದೆ ತನ್ನ ಊದಿದ ಮಂಡಿ ತೋರಿಸಿ, "ಇದನ್ನ ಎಲ್ಲಿ ಇಡಲಿ ಮೇಡಂ? ನಿಮ್ಮ ಫೈಲಲ್ಲಾ?" ಎಂದಳು. ಬಹಿರಂಗ ಸಭೆಗೆ ದಿನ ಗೊತ್ತಾಯಿತು.

*

ಸಭೆಗೆ ಊರಿನ ಕ್ಲಬ್ಬಿನ ಹಾಲ್ ಕಿಕ್ಕಿರಿದಿತ್ತು. ಹಿರಿಯರು ಬಿಳಿ ಉಣ್ಣೆಯ ಟೋಪಿ ಹಾಕಿ ಮುಂದಿನ ಸಾಲಿನಲ್ಲಿ, ಹೆಂಗಸರು ಹಿಂದೆ. ವೇದಿಕೆಯ ಮೇಲೆ ಜಿಲ್ಲಾ ಅಧಿಕಾರಿಣಿ, ಪಕ್ಕದಲ್ಲಿ ಕಂಪನಿಯ ಮ್ಯಾನೇಜರ್ ಅಲ್ಮಾಜ್. ಕೊನೆಯ ಕುರ್ಚಿಯಲ್ಲಿ ಮಿರ್ಲಾನ್. ಅಂಗಿ ಬದಲಾಗಿರಲಿಲ್ಲ. ಒಗೆದರೂ ಹೋಗದ ಹಸಿರು ಕಲೆ ಎದೆಯ ಮೇಲೆ ಉಳಿದಿತ್ತು. ಬೇಕೆಂದೇ ಹಾಕಿಕೊಂಡು ಬಂದನೋ ಏನೋ. ಬುರುಲಳ ಕಣ್ಣು ಅದರ ಮೇಲೆ ಬಿದ್ದು, ಅವನು ನೋಡಿದನೆಂದು ತಿಳಿದು, ಸಿಡುಕಿನಿಂದ ಬೇರೆ ಕಡೆ ಸರಿಯಿತು.

ಅಲ್ಮಾಜನ ಮಾತು ಬೆಣ್ಣೆ. "ಜಾಗ ಸರ್ಕಾರದ್ದು, ಬಂಡವಾಳ ನಮ್ದು, ಲಾಭ ಎಲ್ಲರದ್ದು. ಸೋರೋ ಚಾವಣಿ ಹೋಗುತ್ತೆ, ರಸ್ತೆ ಬರುತ್ತೆ, ನಿಮ್ಮ ಮಕ್ಕಳಿಗೆ ಕೆಲಸ ಸಿಗುತ್ತೆ. ಮತ್ತೆ ಒಪ್ಪಿಗೆ ಅಂತೂ ಹಿರಿಯರು ಆಗ್ಲೇ ಕೊಟ್ಟಾಗಿದೆ. ನೋಡಿ." ಪರದೆಯ ಮೇಲೆ ಅದೇ ಫೋಟೋ ಬಂತು. ಎತ್ತಿದ ಕೈಗಳು.

ಬುರುಲ್ ಎದ್ದಳು. "ಚಾವಣಿ ಸೋರೋದು ನಿಜ, ಸಾಹೇಬ್ರೇ. ರಸ್ತೆ ಬೇಕು ಅನ್ನೋದೂ ನಿಜ. ಪಾಲುದಾರಿಕೆ ಅಂದ್ರೆ ಪಾಲು ಇರೋರನ್ನೆಲ್ಲ ಕೇಳ್ಬೇಕಲ್ವಾ? ಈ ನೀರಲ್ಲಿ ಹುಟ್ಟಿನಿಂದ ಮುಳುಗೋರು ನಾವು. ಈ ಫೋಟೋದಲ್ಲಿ ನಮ್ಮಲ್ಲಿ ಒಬ್ರಾದ್ರೂ ಇದೀವಾ?"

"ಹಿರಿಯರು ನಿಮ್ಮ ಪರವಾಗೇ ತಾನೇ ಕೈ ಎತ್ತಿದ್ದು? ಅವರನ್ನೇ ಕೇಳಿ. ಹಿರಿಯರೇ, ಆ ಹರಕೆ ಕೊಟ್ಟಿದ್ದು ಹೌದೋ ಅಲ್ವೋ?"

ಜುಮಾಬಾಯ್ ತಲೆ ತಗ್ಗಿಸಿದ. "ಕೊಟ್ಟಿದ್ದು ಹೌದು."

"ಹಿಂದಕ್ಕೆ ತಗೋತೀರಾ?"

"ಇಲ್ಲ."

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಅಲ್ಮಾಜ್ ಕೈ ಹರಡಿ ನಕ್ಕ. ತಾಯಿ ಉಜ್ಜಿದ ಗೋಡೆ, ಅಜ್ಜಿಯರ ಮಂಡಿ, ಹಬೆಯೊಳಗಿನ ನಗು, ಎಲ್ಲ ಆ ಒಂದು 'ಇಲ್ಲ'ದಲ್ಲಿ ಮುಳುಗಿಹೋದ ಹಾಗಾಯಿತು ಬುರುಲಳಿಗೆ.

ಆಗ ವೇದಿಕೆಯ ಕೊನೆಯ ಕುರ್ಚಿ ಕಿರುಗುಟ್ಟಿತು.

"ಅವರು ಹಿಂದಕ್ಕೆ ತಗೊಳ್ಳೋ ಹಾಗಿಲ್ಲ," ಎಂದ ಮಿರ್ಲಾನ್. "ಕೊಟ್ಟಿದ್ದು ನಂಗೆ. ಯಾವುದಕ್ಕೆ ಅಂತ ಹೇಳ್ಬೇಕಾದೋನೂ ನಾನೇ."

"ಕೂತ್ಕೋ," ಎಂದ ಅಲ್ಮಾಜ್ ಹಲ್ಲಿನ ಸಂದಿಯಿಂದ.

"ಆವತ್ತು ನಮ್ಮಮ್ಮ ಕುರಿ ಕೊಯ್ದಿದ್ದು ಕಂಪನಿಗಲ್ಲ. ಒಂದು ಹುಡುಗಿಗೆ ಓಲೆ ತೊಡಿಸ್ಬೇಕು, ಹುಲ್ಲು ಕೊಯ್ಲು ಮುಗಿದ ಮೇಲೆ ಹೋಗ್ತೀವಿ, ಅಲ್ಲೀತನಕ ಯಾರೂ ಬಾಯಿ ಬಿಡ್ಬೇಡಿ ಅಂತ ಹಿರಿಯರ ಹತ್ರ ಬಾತಾ ಕೇಳಿದ್ಳು. ಆ ಕೈಗಳು ನನ್ನ ಮದುವೆ ಮಾತಿಗೆ ಎತ್ತಿದ ಕೈಗಳು." ಉಸಿರು ಎಳೆದುಕೊಂಡ. "ಬುರುಲ್‌ಗೆ."

ಹಿಂದಿನ ಸಾಲಿನಿಂದ ಉಮ್‌ಸುನ್ ಅಜ್ಜಿ, "ಅಯ್ಯೋ ನನ್ ಕಂದಾ, ಮದುವೆ ಫೋಟೋ ತೋರ್ಸಿ ಹೋಟೆಲ್ ಕಟ್ತಾವನಲ್ಲೋ!" ಎಂದಳು. ಇಡೀ ಸಭೆ ಘೊಳ್ಳೆಂದು ನಕ್ಕಿತು. ಅಧಿಕಾರಿಣಿ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು. ಜುಮಾಬಾಯ್ ಕೊನೆಗೂ ತಲೆ ಎತ್ತಿದ.

ನಗದವಳು ಒಬ್ಬಳೇ. ಅವಳ ಎರಡೂ ಕಿವಿ ಕೆಂಡವಾಗಿದ್ದವು.

"ನಗ್ಬೇಡಿ!" ಎಂದಳು. ನಗು ಅರ್ಧಕ್ಕೇ ನಿಂತಿತು. "ಇವರು ನೀರಿನ ಮಾತಿಗೆ ಊರನ್ನ ಕೇಳ್ಲಿಲ್ಲ. ನೀವು ನನ್ನ ಮದುವೆ ಮಾತಿಗೆ ನನ್ನನ್ನ ಕೇಳಿದ್ರಾ? ನಾನು ಇಲ್ಲಿ ಪಾಚಿ ಉಜ್ಜುತ್ತಾ ಇದ್ದೆ, ಅಲ್ಲಿ ನೀವೆಲ್ಲ ಕುರಿ ತಿಂದು ನನ್ನನ್ನ ಕೊಟ್ಟುಬಿಟ್ರಿ. ಅಜ್ಜಾ, ನೀನೂ! ಮಿರ್ಲಾನ್, ನಿನ್ನ ಬಾಯಿ ಹಿರಿಯರ ಮುಂದೆ ಬಿಚ್ಚಿಕೊಳ್ಳುತ್ತೆ, ನನ್ನ ಮುಂದೆ ಮಾತ್ರ ಹೊಲಿದುಹೋಗುತ್ತೆ, ಅಲ್ವಾ? ಕೇಳದೆ ಎತ್ತಿದ ಕೈ ಯಾವುದಕ್ಕೂ ಲೆಕ್ಕಕ್ಕಿಲ್ಲ. ನೀರಿಗೂ ಇಲ್ಲ, ನಂಗೂ ಇಲ್ಲ. ಮೇಡಂ, ಈಗ ಕೇಳಿ. ಇಲ್ಲಿ ಇರೋರನ್ನ ಕೇಳಿ. ಈ ಒಪ್ಪಂದ ಹೀಗೇ ಬೇಕು ಅನ್ನೋರು ಕೈ ಎತ್ಲಿ."

ಅಧಿಕಾರಿಣಿ ಕೇಳಿದಳು. ಹಾಲ್‌ನಲ್ಲಿ ಒಂದೂ ಕೈ ಏಳಲಿಲ್ಲ. ಜುಮಾಬಾಯ್ ತನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೇ ಭಾರ ಬಿಟ್ಟು ಕೂತಿದ್ದ, ಮತ್ತೆಲ್ಲಿ ಯಾರಾದರೂ ಫೋಟೋ ತೆಗೆದಾರೆಂದು.

ಊರಿನ ಕೊಳ ಊರಿಗೇ ಬಿಟ್ಟು, ಹೊಸದನ್ನು ಪಕ್ಕದಲ್ಲಿ ಕಟ್ಟುವುದಾದರೆ ಮಾತಾಡೋಣ ಎಂದು ಸಭೆ ತೀರ್ಮಾನಿಸಿತು. ಅಲ್ಮಾಜ್ ಕಾಗದ ಮಡಚುತ್ತ ಮಿರ್ಲಾನನಿಗೆ, "ನಾಳೆಯಿಂದ ನೀನು ಬರೋದು ಬೇಡ," ಎಂದ. ಮಿರ್ಲಾನ್ ಕತ್ತಿನಿಂದ ಬ್ಯಾಡ್ಜು ತೆಗೆದು ಮೇಜಿನ ಮೇಲಿಟ್ಟ.

*

ಮಾರನೆಯ ದಿನ ಕಂಬಗಳು ಮತ್ತೆ ಲಾರಿ ಹತ್ತಿದವು. ಬುರುಲ್ ಕೊಳ ಖಾಲಿ ಮಾಡಿ ಉಜ್ಜುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು.

"ಸೋಪು ಬೇಕಿತ್ತು," ಎಂದ ಮಿರ್ಲಾನ್.

"ಇಲ್ಲ."

"ದಾರಿ?"

"ನಿನ್ನ ಬೆನ್ನ ಹಿಂದೇನೇ ಇದೆ."

ಅವನು ಹೋಗಲಿಲ್ಲ. ಶೂ ಕಳಚಿ, ಪ್ಯಾಂಟು ಮಡಚಿ, ಗೋಡೆಗೆ ಒರಗಿಸಿದ್ದ ಇನ್ನೊಂದು ಬ್ರಷ್ ತೆಗೆದುಕೊಂಡು ಕೊಳಕ್ಕೆ ಇಳಿದ. ಅವಳು ತಡೆಯಲಿಲ್ಲ. ಇಬ್ಬರೂ ಎದುರುಬದುರು ಗೋಡೆ ಉಜ್ಜಿದರು. ಅವನು ತಪ್ಪಾಗಿ ಉಜ್ಜುತ್ತಿದ್ದ, ಕೆಳಗಿನಿಂದ ಮೇಲಕ್ಕೆ. ಮುಖದ ತುಂಬ ಪಾಚಿ ಹಾರಿತ್ತು. ಅವಳು ಓರೆಗಣ್ಣಿನಲ್ಲಿ ನೋಡಿ ತುಟಿ ಕಚ್ಚಿಕೊಂಡಳು.

"ನಂಗಿನ್ನೂ ಕೋಪ ಇದೆ," ಎಂದಳು.

"ಕಾಣ್ತಿದೆ. ಕಿವಿ ಹೇಳ್ತಿದೆ."

"ಕೆಲಸ ಕಳ್ಕೊಂಡು ನನ್ನ ಮೇಲೆ ಉಪಕಾರದ ಹೊರೆ ಹೊರಿಸ್ಬೇಡ."

"ಇಲ್ಲ. ಅದು ನನ್ನ ತಪ್ಪಿನ ದಂಡ. ನಿನ್ನ ಮುಂದೆ ಬಂದ್ರೆ ನಾಲಿಗೆ ಮರಗಟ್ಟುತ್ತೆ ಬುರುಲ್. ಹಿರಿಯರ ಕೈ ಹಿಡ್ಕೊಂಡು ಬಂದ್ರೆ ಸುಲಭ ಅಂದ್ಕೊಂಡೆ. ಹೇಡಿ ನಾನು." ಅವನು ಬ್ರಷ್ ಕೆಳಗಿಟ್ಟ. ಬರಿಗಾಲಲ್ಲಿ, ಪಾಚಿ ಮೆತ್ತಿದ ಮುಖದಲ್ಲಿ, ಖಾಲಿ ಕೊಳದ ನಡುವೆ ನಿಂತ. "ಈಗ ನಾನೊಬ್ನೇ ಕೇಳ್ತಿದೀನಿ. ನನ್ನ ಮದ್ವೆ ಆಗ್ತೀಯಾ? ಬೇಡ ಅಂದ್ರೂ ಈ ಗೋಡೆ ಮುಗಿಸಿಯೇ ಹೋಗ್ತೀನಿ."

ಅವನ ದನಿ ಕೊಳದ ಗೋಡೆಗಳಿಗೆ ಬಡಿದು ಎರಡು ಸಲ ಕೇಳಿಸಿತು. ಬುರುಲ್ ಮೂಲೆಗೆ ಹೋಗಿ ನೀರಿನ ಬಿರಟೆ ತೆಗೆದಳು. ಬುಗ್ಗೆ ಗುಳುಗುಳು ಎಂದು ಒಳನುಗ್ಗಿ ಇಬ್ಬರ ಪಾದಗಳನ್ನೂ ಸುತ್ತಿತು.

"ಮೇಲಿಂದ ಕೆಳಕ್ಕೆ ಉಜ್ಜಬೇಕು," ಎಂದಳು. "ಕಲಿಸ್ತೀನಿ. ಕಲಿಯೋಕೆ ತಡ ಆಗುತ್ತೆ. ಹುಲ್ಲು ಕೊಯ್ಲು ಮುಗಿದ ಮೇಲೆ ನಿಮ್ಮಮ್ಮನ್ನ ಕಳ್ಸು. ಆದ್ರೆ ಅವಳೂ ಮೊದಲು ನನ್ನೇ ಕೇಳ್ಬೇಕು, ಅಜ್ಜನ್ನಲ್ಲ."

ಅವನ ಮುಖ ಅರಳಿದ್ದನ್ನು ನೋಡಬಾರದೆಂದು ಅವಳು ಬೆನ್ನು ತಿರುಗಿಸಿದಳು. ತಿರುಗಿಸಿ ನಕ್ಕಳು.

ಹುಲ್ಲು ಮೆದೆ ಸೇರಿದ ಮೇಲೆ ಮಿರ್ಲಾನನ ತಾಯಿ ಸೊನುನ್ ಬಿಳಿ ಬಟ್ಟೆಯ ಗಂಟು ಹಿಡಿದು ಬಂದಳು. ಒಳಗೆ ಅತ್ತೆಯಿಂದ ಸೊಸೆಗೆ ಇಳಿದು ಬಂದ ಬೆಳ್ಳಿಯ ಓಲೆ. ಹೊಸ್ತಿಲಲ್ಲೇ ನಿಂತು, "ತೊಡಿಸ್ಲಾ ಮಗಳೇ?" ಎಂದು ಕೇಳಿದಳು. ಜುಮಾಬಾಯ್ ಒಳಗೆ ಬಟ್ಟಲು ಹಿಡಿದು, ಬಾಯಿ ಬಿಗಿದು, ಮೊಮ್ಮಗಳ ಮಾತಿಗೆ ಕಾಯುತ್ತ ಕೂತಿದ್ದ. "ತೊಡಿಸು," ಎಂದಳು ಬುರುಲ್. ಆಮೇಲೆಯೇ ಮುದುಕನ ಅಂಗೈಗಳು ಮೇಲೆದ್ದವು.

ಆ ಬುಗ್ಗೆಯ ಗಂಧಕದ ನೀರಿಗೆ ಬೆಳ್ಳಿ ತಾಕಿದರೆ ಕಪ್ಪಾಗುತ್ತದೆ. ಅದಕ್ಕೇ ಹೆಂಗಸರೆಲ್ಲ ಒಡವೆ ಕಳಚಿಟ್ಟು ಇಳಿಯುವುದು, ಅದಕ್ಕೇ ಬುರುಲಳ ಕಿವಿ ಇಷ್ಟು ವರ್ಷ ಬರಿದಾಗಿದ್ದದ್ದು. ಮರುದಿನ ಅವಳು ಓಲೆ ತೊಟ್ಟೇ ಕೊಳಕ್ಕೆ ಇಳಿದಳು.

"ತೆಗೆದಿಡೇ ಹುಚ್ಚಿ," ಎಂದು ಉಮ್‌ಸುನ್ ಅಜ್ಜಿ ಹಬೆಯೊಳಗಿಂದ ಗದರಿದಳು. "ಕಪ್ಪಾಗುತ್ತೆ!"

"ಆಗ್ಲಿ ಅಜ್ಜಿ," ಎಂದಳು ಬುರುಲ್, ಓಲೆಗೆ ನೀರು ತಾಕುವಷ್ಟು ಮುಳುಗುತ್ತ. "ಈ ಓಲೆನ ನಮ್ಮ ನೀರೂ ನೋಡ್ಲಿ."