ಗುಡ್ಡದ ಮೇಲಿನ ಸಿಗ್ನಲ್

"ನಿಮ್ಮ ಆ್ಯಪ್ ಚೆನ್ನಾಗಿದೆ. ಆದರೆ ಅಲ್ಲಿ ಅದು ತೆರೆಯೋದೇ ಇಲ್ಲ!"

ನೋಯ್ಡಾದ ಆಫೀಸಿನಲ್ಲಿ ಎಲ್ಲರೆದುರೇ ಹಾಗೆಂದವನನ್ನು ಹರ್ಷಿಣಿ ದುರುಗುಟ್ಟಿ ನೋಡಿದಳು. ಆಫ್ರಿಕಾದ ಮಲಾವಿಯಲ್ಲಿ ಹಳ್ಳಿಯ ನರ್ಸ್‌ಗಳಿಗೆ ಹೆರಿಗೆಯ ಪಾಠ ಹೇಳಿಕೊಡುವ ಆ್ಯಪ್ ಅದು. ಅವಳ ಆರು ತಿಂಗಳ ದುಡಿಮೆ... 'ಇವನ್ಯಾರು ಹೇಳೋಕೆ?'

ಅವನು ಮಹಂತೇಶ್. ಮಲಾವಿಯಲ್ಲಿ ಒಂದು ವರ್ಷ ಮೊಬೈಲ್ ಟವರ್ ಕಟ್ಟಿಸಿ ಬಂದಿದ್ದ ಎಂಜಿನಿಯರ್.

"ಅಲ್ಲಿ ಗ್ರೇಸ್ ಅಂತ ಒಬ್ಬ ನರ್ಸ್ ಇದ್ದಾರೆ. ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ತಬೇಕು. ಕರೆಂಟ್ ಹೋದ್ರೆ ಟವರೂ ಇಲ್ಲ. ನಿಮ್ಮ ಒಂದು ವಿಡಿಯೊ ಇಳಿಯೋದ್ರೊಳಗೆ ಮಗು ಹುಟ್ಟಿ ಅಳ್ತಿರುತ್ತೆ, ಮೇಡಂ!"

ಎಲ್ಲರೂ ನಕ್ಕರು. ಹರ್ಷಿಣಿಯ ಕಣ್ಣು ತುಂಬಿತು.

ಮಧ್ಯಾಹ್ನ ಅವನೇ ಅವಳ ಮೇಜಿನ ಬಳಿ ಬಂದ. "ಸಾರಿ, ಹಾಗೆ ಹೇಳಬಾರದಿತ್ತು. ಚಲೋ, ಇಬ್ಬರೂ ಸೇರಿ ಸರಿ ಮಾಡೋಣ್ವಾ?"

ವಿಡಿಯೊಗಳು ಹೋದವು. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ತೆರೆಯುವ, ಬರಹ ಮತ್ತು ಚಿತ್ರಗಳ ಪುಟ್ಟ ಪಾಠಗಳು ಬಂದವು. ಆ ಎರಡು ತಿಂಗಳಲ್ಲಿ ಹರ್ಷಿಣಿಗೆ ಅವನ ಹೆಜ್ಜೆಯ ಸದ್ದೂ ಗುರುತಾಗಿತ್ತು.

ಪಾಠ ತಲುಪಿಸಲು ಅವನು ಮತ್ತೆ ಮಲಾವಿಗೆ ಹೊರಟ. "ನಿಮಗೊಂದು ಮಾತು ಹೇಳಬೇಕು. ಎದುರಿಗೆ ಧೈರ್ಯ ಬರ್ತಿಲ್ಲ... ಅಲ್ಲಿಂದ ಹೇಳ್ತೀನಿ."

ಒಂದು ವಾರ... ಮೂರು ವಾರ... ಏನೂ ಬರಲಿಲ್ಲ. ಆದರೆ ಪ್ರತಿ ಸೋಮವಾರ ಆಫೀಸಿಗೆ ಅವನ ವರದಿ ಮಾತ್ರ ತಪ್ಪದೆ ಬರುತ್ತಿತ್ತು! ಗ್ರೇಸ್ ಪಾಠ ನೋಡಿಕೊಂಡು ಅವಳಿ ಮಕ್ಕಳ ಹೆರಿಗೆ ಸುಸೂತ್ರವಾಗಿ ಮಾಡಿಸಿದರು ಎಂದು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹರ್ಷಿಣಿಯೂ ತಟ್ಟಿದಳು.

'ವರದಿಗೆ ನೆಟ್ ಇದೆ. ನನಗೊಂದು ಮಾತು ಹೇಳೋಕೆ ಇಲ್ವಾ?' ತಾನಾಗಿ ಕೇಳಲು ಬಿಗುಮಾನ ಬಿಡಲಿಲ್ಲ.

ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ, ನೋಯ್ಡಾ ಪಕ್ಕದ ಇಂದಿರಾಪುರಂನಲ್ಲಿ, ಅವಳ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಮಹಂತೇಶ್ ನಿಂತಿದ್ದ.

"ನೀವು ಉತ್ತರಾನೇ ಕೊಡಲಿಲ್ಲ..."

"ಯಾವುದಕ್ಕೆ? ನೀವೇನು ಕಳಿಸಿದ್ರಿ?"

ಅವನು ಗಾಬರಿಯಿಂದ ಫೋನ್ ತೆರೆದ. ಆರು ನಿಮಿಷದ ವಾಯ್ಸ್ ಮೆಸೇಜ್. ಹನ್ನೊಂದು ಸಲ ಕಳಿಸಿದ್ದ. ಒಂದೂ ಹೋಗಿರಲಿಲ್ಲ!

"ಅಯ್ಯೋ... ಕೊನೇ ಸಲ ಹೋಯ್ತು ಅಂದ್ಕೊಂಡು ಗುಡ್ಡ ಇಳಿದುಬಿಟ್ಟೆ! ವರದಿ ನಾಲ್ಕೇ ಸಾಲು, ಹೋಗ್ತಿತ್ತು."

"ನನಗೂ ನಾಲ್ಕು ಸಾಲು ಬರೀಬಹುದಿತ್ತಲ್ಲ!"

"ನನ್ನ ದನೀಲೇ ಕೇಳಲಿ ಅಂತ..."

ಹರ್ಷಿಣಿಗೆ ನಗುವೂ ಬಂತು, ಅಳುವೂ ಬಂತು. "ಸರಿ, ಈಗ ಹೇಳಿ."

"ಇಲ್ಲೇ? ಗಾರ್ಡ್ ಭಯ್ಯಾ ನೋಡ್ತಿದ್ದಾರೆ!"

"ಅವರಿಗೆ ಕನ್ನಡ ಬರಲ್ಲ."

ಅವನು ಉಸಿರೆಳೆದುಕೊಂಡ. "ಹರ್ಷಿಣಿ, ನೀವು ಪಕ್ಕದಲ್ಲಿಲ್ಲದೆ ಒಂದು ದಿನಾನೂ ಸರಿಹೋಗಲಿಲ್ಲ. ನನ್ನನ್ನ ಮದುವೆ ಆಗ್ತೀರಾ?"

"ಆಗ್ತೀನಿ," ಎಂದಳು ತಡಮಾಡದೆ. "ಮೇಲೆ ಬನ್ನಿ. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದಾರೆ."

"ಅವರಿಗೆ ಏನು ಹೇಳಲಿ?"

ಅವಳು ಅವನ ಕೈ ಹಿಡಿದಳು. "ನೀವು ಸುಮ್ನೆ ಎರಡು ರೊಟ್ಟಿ ತಿನ್ನಿ. ಹೇಳೋದು ನಾನು ಹೇಳ್ತೀನಿ."